ಮೊಡವೆಗಳೂ ಜೀವಸತ್ತ್ವಗಳೂ

ಹದಿನಾರರ ಹುಡುಗನ ಮೋರೆಯಲ್ಲಿ ನಾಲ್ಕು ಮೊಡವೆ ಕಾಣಿಸಿಕೊಂಡರೆ ಸಾಕು, ಮನೆಯಲ್ಲಿ ವಿಚಾರಣೆ ಮೊದಲಾಗುತ್ತದೆ. ಮಾವಿನಹಣ್ಣನ್ನು ಮಿತಿಮೀರಿ ತಿಂದೆ, ಕಡಲೆಕಾಯಿ ಉಷ್ಣವೆಂದರೂ ಕೇಳಲಿಲ್ಲ ಎಂದು ಹಿರಿಯರು ಗದರಿಸುತ್ತಾರೆ. ಔಷಧದ ಅಂಗಡಿಯವನಾದರೋ ಬಣ್ಣದ ಗುಳಿಗೆಗಳನ್ನು ಮುಂದಿಟ್ಟು, ಜೀವಸತ್ತ್ವ ಕಡಮೆಯಾಗಿದೆ ಎನ್ನುತ್ತಾನೆ. ತಿಂದುದು ಹೆಚ್ಚಾಯಿತೆಂದು ಒಬ್ಬರು, ಸಾಲದಾಯಿತೆಂದು ಇನ್ನೊಬ್ಬರು! ಈ ಮಾತುಗಳಲ್ಲಿ ತುಸು ಸತ್ಯಾಂಶವಿದ್ದೀತು. ಆದರೆ ಹುಡುಗನ ಮೇಲೆ ತಪ್ಪು ಹೊರಿಸುವುದಕ್ಕಾಗಲಿ, ಅವನ ಹಣವನ್ನು ಕಳೆಯುವುದಕ್ಕಾಗಲಿ ಅಷ್ಟು ಸತ್ಯ ಸಾಲದೆಂಬುದು ನಮ್ಮ ಅಭಿಪ್ರಾಯ.

ಪ್ರಾಯ ಬರುವಾಗ ದೇಹದಲ್ಲಿ ಹೆಚ್ಚುವ ಆಂಡ್ರೊಜೆನ್ ಎಂಬ ಹಾರ್ಮೋನುಗಳು (ಇವು ಹುಡುಗಿಯರಲ್ಲಿಯೂ ಉಂಟು) ಚರ್ಮದ ಮೇದೋಗ್ರಂಥಿಗಳನ್ನು ಪ್ರಚೋದಿಸುತ್ತವೆ. ಅವು ಸ್ರವಿಸುವ ಜಿಡ್ಡು ಸತ್ತ ಜೀವಕಣಗಳೊಡನೆ ಬೆರೆತು ರೋಮಕೂಪದ ಬಾಯನ್ನು ಬಿರಡೆಯಂತೆ ಮುಚ್ಚುತ್ತದೆ. ಅಲ್ಲಿ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಾಗಳು ವೃದ್ಧಿಯಾಗಿ ಉರಿಯೂತವುಂಟಾಗುತ್ತದೆ. ಆನುವಂಶಿಕತೆಯ ಪಾಲೂ ಇದರಲ್ಲಿ ದೊಡ್ಡದು. ಗದರಿಸುವ ತಂದೆತಾಯಿಗಳು ಇದನ್ನು ನೆನೆದರೆ ಒಳ್ಳೆಯದು.

ಜೀವಸತ್ತ್ವಗಳಲ್ಲಿ ಮೊಡವೆಯೊಡನೆ ನಿಜವಾದ ನಂಟುಳ್ಳದ್ದು 'ಎ'. ಅದರ ಕಥೆ ತಿಳಿದುಕೊಳ್ಳತಕ್ಕದ್ದು. ೧೯೪೩ರಲ್ಲಿ ಅಮೆರಿಕದ ವೈದ್ಯ ಸ್ಟ್ರಾಮ್‌ಫ್ಯೋರ್ಡ್ ಎಂಬಾತನು ರೋಗಿಗಳಿಗೆ ದಿನಕ್ಕೆ ೧,೦೦,೦೦೦ ಮಾನಗಳಷ್ಟು 'ಎ' ಕೊಟ್ಟು, ಗುಣ ಕಂಡಿತೆಂದು ವರದಿ ಮಾಡಿದನು. ವಯಸ್ಕನಿಗೆ ದಿನಕ್ಕೆ ಬೇಕಾದುದು ಸುಮಾರು ೩,೦೦೦ ಮಾನ ಮಾತ್ರ. ಮೂವತ್ತು ಪಾಲಿಗೂ ಮಿಕ್ಕಿದ ಈ ಮೊತ್ತವನ್ನು ಆಹಾರವೆಂದು ಕರೆಯಲಾದೀತೆ? 'ಸಿ'ಯಂತೆ ಇದು ಮೂತ್ರದಲ್ಲಿ ಹೊರಟುಹೋಗುವುದಿಲ್ಲ, ಯಕೃತ್ತಿನಲ್ಲಿ ಶೇಖರವಾಗುತ್ತದೆ. ಹೆಚ್ಚಾದರೆ ತಲೆನೋವು, ಕೂದಲುದುರುವಿಕೆ, ಯಕೃತ್ತಿನ ಹಾನಿ. ಗರ್ಭಿಣಿಯರಲ್ಲಿ ಶಿಶುವಿನ ಅಂಗವೈಕಲ್ಯ. ವಿಜ್ಞಾನಿಗಳು ಈ ಸುಳಿವನ್ನು ಬಿಡದೆ ಹಿಂಬಾಲಿಸಿ, 'ಎ'ಯ ಬಂಧುಗಳಾದ ರಾಸಾಯನಿಕಗಳನ್ನು ಪರೀಕ್ಷಿಸಿದರು. ಹಾಗೆ ದೊರೆತ ಐಸೊಟ್ರೆಟಿನಾಯಿನ್ ೧೯೮೨ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಮೇದೋಗ್ರಂಥಿಗಳನ್ನೇ ಕುಗ್ಗಿಸುವ ಈ ಔಷಧ ಉಗ್ರ ಮೊಡವೆಗಳಿಗೆ ಬಹಳ ಪರಿಣಾಮಕಾರಿ. ಆದರೆ ಗರ್ಭಕ್ಕೆ ಇದೂ ಘೋರ ಅಪಾಯಕಾರಿಯಾದುದರಿಂದ ವೈದ್ಯನ ಕಣ್ಗಾವಲಿಲ್ಲದೆ ಮುಟ್ಟಬಾರದು. ಇದು ಔಷಧ, ಪೋಷಣೆಯಲ್ಲ. ನುಗ್ಗೆಸೊಪ್ಪು, ಪರಂಗಿಹಣ್ಣುಗಳಲ್ಲಿರುವ ಕ್ಯಾರೊಟೀನನ್ನು ದೇಹ ಬೇಕಾದಷ್ಟೇ 'ಎ'ಯಾಗಿ ಮಾರ್ಪಡಿಸಿಕೊಳ್ಳುವುದರಿಂದ ಅವುಗಳಿಂದ ಇಂತಹ ಭಯವಿಲ್ಲ.

ಬಿ-೧೨ರ ಮಾತು ವಿಚಿತ್ರವಾದುದು. ಅದನ್ನು ಹೆಚ್ಚಾಗಿ ತೆಗೆದುಕೊಂಡ ಕೆಲವರಲ್ಲಿ ಮೊಡವೆಯಂತಹ ಗುಳ್ಳೆಗಳು ಏಳುವುದುಂಟು. ಚರ್ಮಕ್ಕೆಂದು ಕೊಂಡ ಬಹುಸತ್ತ್ವದ ಗುಳಿಗೆಯೇ ಚರ್ಮಕ್ಕೆ ಮುಳುವಾದೀತು!

ಇನ್ನು ಊಟ. ೧೯೬೯ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ೬೫ ಮಂದಿಗೆ ಚಾಕೊಲೇಟನ್ನೂ ಚಾಕೊಲೇಟಿಲ್ಲದ ಮಿಠಾಯಿಯನ್ನೂ ತಿನ್ನಿಸಿ, ಭೇದವಿಲ್ಲವೆಂದು ಸಾರಿದರು. ಆದರೆ ಎರಡರಲ್ಲಿಯೂ ಸಕ್ಕರೆ ಕೊಬ್ಬುಗಳು ಹೆಚ್ಚುಕಡಮೆ ಸಮನಾಗಿದ್ದುವು. ಹೀಗಿರುವಾಗ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂದು ಹೇಗೆ ತೀರ್ಮಾನಿಸುವುದು? ೨೦೦೭ರಲ್ಲಿ ಆಸ್ಟ್ರೇಲಿಯದವರು ೪೩ ಮಂದಿ ತರುಣರನ್ನು ೧೨ ವಾರ ಪರೀಕ್ಷಿಸಿದಾಗ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದಂತಹ ಆಹಾರವನ್ನು ಉಂಡವರಲ್ಲಿ ಮೊಡವೆಗಳು ಹೆಚ್ಚಾಗಿ ತಗ್ಗಿದುವು. ಅವರ ತೂಕವೂ ಇಳಿದಿತ್ತು. ಆದುದರಿಂದ ಯಾವುದರಿಂದ ಏನಾಯಿತೆಂದು ಬಿಡಿಸುವುದು ಕಷ್ಟ. ಆದರೂ ಸಿಹಿಪಾನೀಯ, ಮೈದಾ ತಿಂಡಿಗಳನ್ನು ತಗ್ಗಿಸಿ ಕಾಳು, ತರಕಾರಿ, ಸೊಪ್ಪುಗಳನ್ನು ಹೆಚ್ಚಿಸಿಕೊಳ್ಳಿರೆಂದು ಹೇಳಲು ನಮಗೆ ಸಂಕೋಚವಿಲ್ಲ. ಅದಕ್ಕೆ ಮೂರು ತಿಂಗಳ ಅವಕಾಶ ಕೊಡಿರಿ. ಆದರೆ ಗಂಟುಗಂಟಾಗಿ ನೋಯುವ ಮೊಡವೆಗಳಿದ್ದರೆ ಅಷ್ಟು ದಿನ ಕಾಯದೆ ಚರ್ಮವೈದ್ಯರಲ್ಲಿಗೆ ಹೋಗತಕ್ಕದ್ದು. ಅವು ಮಾಡಿಹೋಗುವ ಕುಳಿಗಳನ್ನು ಯಾವ ಜೀವಸತ್ತ್ವವೂ ತುಂಬಲಾರದು.