ಬೀರುವಿನಲ್ಲಿ ನಿಂತುಹೋದ ವಾಚು

ನಿಮ್ಮ ಮನೆಯ ಬೀರುವಿನಲ್ಲಿ, ಒಡವೆ ಡಬ್ಬಿಯ ಪಕ್ಕ, ನಿಂತುಹೋದ ಎಚ್‌ಎಂಟಿ ವಾಚು ಒಂದಾದರೂ ಇದ್ದೇ ಇದೆ ಅಂತ ನಾನು ಪಂಥ ಕಟ್ಟಿ ಹೇಳಬಲ್ಲೆ. ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದೋ, ಮಾವನವರು ಇಟ್ಟುಹೋದದ್ದೋ. ಕಟ್ಟುವವರಿಲ್ಲ, ಬಿಸಾಡಲು ಮನಸ್ಸಿಲ್ಲ. ಹಳೇ ಸಾಮಾನಿನವನು ಬಾಗಿಲಲ್ಲಿ ನಿಂತು "ಐವತ್ತು ರೂಪಾಯಿ ಕೊಡ್ತೀನಮ್ಮಾ" ಅಂದರೆ ಕೊಟ್ಟುಬಿಡೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ, ಸೋದರಿಯರೇ.

ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ತಯಾರಿಕೆ ಶುರುವಾಯಿತು. ಆಮೇಲೆ ನಮ್ಮ ತುಮಕೂರಿಗೂ ಕಾರ್ಖಾನೆ ಬಂತು. ಎಷ್ಟೋ ಮನೆಗಳ ಒಲೆ ಉರಿದದ್ದು ಆ ಸಂಬಳದಲ್ಲೇ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕೀ ಕೊಡುವ ಜನತಾ, ಕಪ್ಪು ಡಯಲಿನ ಪೈಲಟ್, ಇಂಥವನ್ನು ಹುಡುಕಿ ಹುಡುಕಿ ಕೊಳ್ಳುವ ಹವ್ಯಾಸಿಗಳು ದೇಶದಲ್ಲೂ ಇದ್ದಾರೆ, ಹೊರದೇಶದಲ್ಲೂ ಇದ್ದಾರೆ.

ಅವರು ಕೊಳ್ಳುವುದು ಹೆಚ್ಚಾಗಿ ಇಂಟರ್‌ನೆಟ್ಟಿನಲ್ಲಿ. ಬಾಝೀ ಎಂಬ ನಮ್ಮ ದೇಶದ ಹರಾಜುಕಟ್ಟೆಯನ್ನು 2004ರಲ್ಲಿ ಈಬೇ ಕೊಂಡಿತು. ಆ ಭಾರತದ ಕಟ್ಟೆ 2018ರಲ್ಲಿ ಮುಚ್ಚಿಹೋಯಿತು. ಹೊರದೇಶದವರಿಗೆ ಮಾರಲು ಈಬೇಯ ದೊಡ್ಡ ಕಟ್ಟೆ ಇದೆ, ಕಾಗದಪತ್ರದ ತಾಪತ್ರಯವೂ ಇದೆ. ಒಳಗೇ ಮಾರುವವರಿಗೆ ಓಎಲ್‌ಎಕ್ಸ್, ಫೇಸ್‌ಬುಕ್ಕಿನ ಗುಂಪುಗಳು ಸಾಕು.

ಹರಾಜೆಂದರೆ ದೇವಸ್ಥಾನದ ತೆಂಗಿನಕಾಯಿ ಹರಾಜಿನ ಹಾಗೇ, ಆದರೆ ಕೂಗಾಟವಿಲ್ಲ. ಈಬೇಯಲ್ಲಿ ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಹೇಳಿಟ್ಟರೆ, ಯಂತ್ರವೇ ಅವನ ಪರವಾಗಿ ಎದುರಾಳಿಗಿಂತ ಒಂದೊಂದೇ ಮೆಟ್ಟಿಲು ಮೇಲೆ ಸವಾಲು ಹಾಕುತ್ತದೆ. ಅಂದರೆ ಬೆಲೆ ಏರಬೇಕಾದರೆ ಬೇಕೆನ್ನುವವರು ಇಬ್ಬರಾದರೂ ಇರಬೇಕು. ಒಬ್ಬನೇ ಇದ್ದರೆ ನೀವು ಹೇಳಿದ ಮೊದಲ ಬೆಲೆಗೇ ಹೊಡೆದುಕೊಂಡು ಹೋಗುತ್ತಾನೆ. ಆದ್ದರಿಂದ ಯಾವ ಬೆಲೆಗೆ ಹೋದರೂ ಹೊಟ್ಟೆ ಉರಿಯುವುದಿಲ್ಲವೋ ಅದನ್ನೇ ಮೊದಲ ಬೆಲೆಯಾಗಿ ಇಡಿ. ಜಾಣರು ಕೊನೇ ನಿಮಿಷದವರೆಗೂ ಬಾಯಿ ಬಿಡುವುದಿಲ್ಲ. ಎರಡು ದಿನ ಯಾರೂ ಕೇಳಲಿಲ್ಲವೆಂದು ಗಾಬರಿಯಾಗಬೇಡಿ.

ನಮ್ಮ ಹೆಂಗಸರಿಗೆ ಮಾಸಿದ್ದು ಏನು ಕಂಡರೂ ಹುಣಸೇಹಣ್ಣು ಹಾಕಿ ತಿಕ್ಕುವ ಚಟ, ಅಲ್ಲವೇ? ಇಲ್ಲಿ ಮಾತ್ರ ಕೈ ಕಟ್ಟಿಕೊಳ್ಳಿ. ಹಳೇ ಡಯಲಿಗೆ ಹೊಸ ಬಣ್ಣ ಬಳಿದು, ಯಾವುದೋ ವಾಚಿನ ಮುಳ್ಳು ಇನ್ಯಾವುದಕ್ಕೋ ಸಿಕ್ಕಿಸಿ ಮಾರುವ ದಂಧೆ ಬೇಕಾದಷ್ಟಿದೆ. ತಿಳಿದವರು ಫಳಫಳ ಹೊಳೆಯುವುದನ್ನು ಕಂಡರೇ ಅನುಮಾನಪಡುತ್ತಾರೆ. ಡಯಲು ಹಳದಿಗಟ್ಟಿದ್ದರೆ ಇರಲಿ. ಹಳೇ ನಾಣ್ಯಕ್ಕೂ ಇದೇ ಮಾತು, ಉಜ್ಜಿದರೆ ಬೆಲೆ ಇಳಿಯುತ್ತದೆ. ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮುಂದೆ, ಹಿಂದೆ ಫೋಟೋ ತೆಗೆಯಿರಿ; ವಾಚ್ ರಿಪೇರಿಯವರ ಹತ್ತಿರ ಹಿಂದಿನ ಮುಚ್ಚಳ ಬಿಚ್ಚಿಸಿ ಒಳಗಿನ ಮೆಷಿನ್ನಿನದೂ ಒಂದು. ನಿಂತಿದ್ದರೆ ನಿಂತಿದೆ ಅಂತಲೇ ಬರೆಯಿರಿ.

ಇನ್ನು ಮೋಸದ ವಿಷಯ. ನಮ್ಮ ಬೀದಿಯ ಒಬ್ಬರು ಯಜಮಾನರು ತೀರಿಕೊಂಡ ಮೇಲೆ ಅವರ ಮೂರು ವಾಚುಗಳ ಫೋಟೋ ಹಾಕಿದ್ದರು. ಹತ್ತು ನಿಮಿಷಕ್ಕೇ ಫೋನು. ಆ ಕಡೆಯವನು ತಾನು ಮಿಲಿಟರಿಯವನೆಂದ, ಬೆಲೆಗೆ ಚೌಕಾಸಿಯನ್ನೇ ಮಾಡಲಿಲ್ಲ. "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದ. ಒತ್ತಿದರು. ಬರಬೇಕಾದ ನಾಲ್ಕು ಸಾವಿರ ಇವರ ಖಾತೆಯಿಂದಲೇ ಹೋಯಿತು. ಯುಪಿಐನಲ್ಲಿ ದುಡ್ಡು ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಕೇಳಿದರೆ ಅದು ನಿಮ್ಮಿಂದ ಕೊಡಿಸುವುದಕ್ಕೇ. ಇಷ್ಟನ್ನು ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಹೋದರೆ ಅಳುತ್ತಾ ಕೂರದೆ ತಕ್ಷಣ 1930ಕ್ಕೆ ಫೋನು ಮಾಡಬೇಕು. ಅವರು ಮಗ ಬೈದಾನೆಂದು ಎರಡು ದಿನ ಮುಚ್ಚಿಟ್ಟರು, ಪಾಪ.

ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎನ್ನುವವರದೂ ಇದೇ ಜಾತಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಯೇ ಹೀಗೆ ವಂಚಿಸುತ್ತಿದ್ದಾರೆಂದು ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು. ದೇವರಮನೆಯ ಹಳೇ ವಿಗ್ರಹಗಳ ಗೋಜಿಗಂತೂ ಹೋಗಲೇಬೇಡಿ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ನಾವು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ, 1972ರ ಕಾಯಿದೆ ಇದೆ.

ಮಾರುವ ಮುಂಚೆ ಮನೆಯಲ್ಲಿ ಕೇಳಿ. ಅತ್ತೆಯವರಿಗೆ ಅದು ವಾಚಲ್ಲ, ಮಾವನವರ ಕೈ. ಆ ಬೀದಿಯವರು ಆಮೇಲೆ ಧೈರ್ಯ ಮಾಡಿ ಎರಡನ್ನು ಊರಲ್ಲೇ ಒಬ್ಬ ಹವ್ಯಾಸಿಗೆ ಕೈಗೆ ಕೈ ದುಡ್ಡಿಗೆ ಕೊಟ್ಟರು, ಹೋದ ನಾಲ್ಕು ಸಾವಿರಕ್ಕೆ ಹತ್ತಿರ ಹತ್ತಿರ ಬಂತು. ಮೂರನೆಯದನ್ನು ಕೊಡಲಿಲ್ಲ. ಅದರ ಚರ್ಮದ ಪಟ್ಟಿಯಲ್ಲಿ ಯಜಮಾನರು ತಾವೇ ಮೊಳೆಯಿಂದ ಕೊರೆದುಕೊಂಡ ಒಂದು ತೂತಿತ್ತಂತೆ.