ಹವಳದ ದಿಬ್ಬಕ್ಕೂ ಆರೋಗ್ಯ ತಪಾಸಣೆ: ಲಕ್ಷದ್ವೀಪದ ಲೆಕ್ಕ ಏನು ಹೇಳುತ್ತದೆ?

ತಿಳಿನೀಲಿ ನೀರು, ಬಣ್ಣಬಣ್ಣದ ಹವಳ, ಅದರ ನಡುವೆ ನುಸುಳಾಡುವ ಮೀನುಗಳ ಹಿಂಡು. ಲಕ್ಷದ್ವೀಪದ ಯಾವ ವಿಡಿಯೊ ನೋಡಿದರೂ ಈ ದೃಶ್ಯ ಇದ್ದೇ ಇರುತ್ತದೆ. ನೋಡಿದ ನಮಗೆ ಅಲ್ಲಿನ ಕಡಲಿಗೆ ಯಾವ ತೊಂದರೆಯೂ ಇಲ್ಲ ಎನಿಸುತ್ತದೆ. ಆದರೆ ಅದೇ ದ್ವೀಪಗಳ ಸುತ್ತ 1998ರಿಂದ 2022ರವರೆಗೆ ನೀರಿಗಿಳಿದು ಅಳತೆ ಮಾಡಿದವರ ಲೆಕ್ಕ ಬೇರೆಯೇ ಇದೆ. ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಅಗತ್ತಿ, ಕಡಮತ್ ಮತ್ತು ಕವರತ್ತಿಯಲ್ಲಿ ನಡೆಸಿದ ಈ ಅಧ್ಯಯನದ ಪ್ರಕಾರ, ಕಡಲ ತಳದಲ್ಲಿ ಜೀವಂತ ಹವಳ ಹರಡಿದ್ದ ಪಾಲು ಸುಮಾರು ಶೇ. 37ರಿಂದ ಶೇ. 19ರ ಆಸುಪಾಸಿಗೆ ಇಳಿದಿದೆ. ಅಂದರೆ 24 ವರ್ಷಗಳಲ್ಲಿ ಹೆಚ್ಚೂಕಡಿಮೆ ಅರ್ಧ.

ಹಾಗಾದರೆ ವಿಡಿಯೊ ಸುಳ್ಳೇ? ಅಲ್ಲ. ವಿಡಿಯೊ ತೋರಿಸುವುದು ಒಂದು ಜಾಗದ ಒಂದು ಗಳಿಗೆಯನ್ನು ಮಾತ್ರ. ದಿಬ್ಬದ ಆರೋಗ್ಯ ತಿಳಿಯಲು ಅದು ಸಾಲದು. ಮತ್ತೇನು ಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ

ನೋಡಲು ಕಲ್ಲಿನಂತೆ, ಬೆಳೆಯುವ ರೀತಿಯಲ್ಲಿ ಗಿಡದಂತೆ ಕಂಡರೂ ಹವಳ ಒಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಸಾವಿರಗಟ್ಟಲೆ ಒಟ್ಟಿಗೆ ವಾಸಿಸುತ್ತ, ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತ ಹೋಗುತ್ತವೆ. ತಲೆಮಾರುಗಳ ಗೂಡುಗಳು ಒಂದರ ಮೇಲೊಂದು ಸೇರಿ ದಿಬ್ಬವಾಗುತ್ತದೆ. ಪಾಲಿಪ್‌ಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆದಾರರಂತೆ ಇರುತ್ತವೆ. ಬಿಸಿಲಿನಿಂದ ಅವು ತಯಾರಿಸುವ ಆಹಾರವೇ ಹವಳದ ಊಟದ ಬಹುಪಾಲು. ಹವಳದ ಬಣ್ಣವೂ ಹೆಚ್ಚಾಗಿ ಈ ಪಾಚಿಗಳಿಂದಲೇ ಬರುತ್ತದೆ.

ಕಡಲ ನೀರು ವಿಪರೀತ ಬಿಸಿಯಾದಾಗ ಈ ಸಂಬಂಧ ಕೆಡುತ್ತದೆ. ಹವಳ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಹೋಗಿ ಒಳಗಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಇದನ್ನೇ ಹವಳ ಬಿಳಿಚುವುದು ಎನ್ನುತ್ತಾರೆ.

ಬಿಳಿಚಿದ ಹವಳವೆಂದರೆ ಸತ್ತ ಹವಳ ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ, ಬೆಳ್ಳಗಿರುವ ಹವಳವೆಲ್ಲ ಹೆಣವೂ ಅಲ್ಲ. ಅದು ಉಪವಾಸ ಬಿದ್ದ ರೋಗಿ. ನೀರು ಬೇಗ ತಣಿದರೆ ಪಾಚಿ ಮರಳಿ ಸೇರಿ ಹವಳ ಚೇತರಿಸಿಕೊಳ್ಳಬಲ್ಲದು. ಬಿಸಿ ವಾರಗಟ್ಟಲೆ ಮುಂದುವರಿದರೆ ಮಾತ್ರ ಸಾಯುತ್ತದೆ. ಸತ್ತ ಹವಳ ಹೆಚ್ಚು ದಿನ ಬೆಳ್ಳಗಿರುವುದೂ ಇಲ್ಲ. ಅದರ ಮೇಲೆ ಬೇರೆ ಪಾಚಿ ಬೆಳೆದು ಕಂದು ಅಥವಾ ಹಸಿರು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಬಿಳಿಚಿದ ತಿಂಗಳಲ್ಲಿ ಒಮ್ಮೆ, ಕೆಲವು ತಿಂಗಳ ನಂತರ ಇನ್ನೊಮ್ಮೆ ನೋಡದೆ ಎಷ್ಟು ಹವಳ ಉಳಿಯಿತು, ಎಷ್ಟು ಸತ್ತಿತು ಎಂದು ಹೇಳಲಾಗದು.

ದ್ವೀಪ ನಿಂತಿರುವುದೇ ಹವಳದ ಮೇಲೆ

ಲಕ್ಷದ್ವೀಪದಲ್ಲಿ ಈ ಲೆಕ್ಕ ಯಾಕೆ ಮುಖ್ಯ? ಯಾಕೆಂದರೆ ಅಲ್ಲಿನ ನೆಲವೇ ಹವಳದ್ದು. ಮುಳುಗಿದ ಬೆಟ್ಟಸಾಲಿನ ಮೇಲೆ ಹವಳ ಬೆಳೆದು, ಉಂಗುರದಂಥ ದಿಬ್ಬವಾಗಿ, ಅದರ ಪುಡಿಯೇ ಮರಳಾಗಿ ರಾಶಿಬಿದ್ದು ದ್ವೀಪಗಳಾಗಿವೆ. 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 64 ಸಾವಿರ ದಾಟಿತ್ತು. ಬಹುತೇಕ ಕಡೆ ನೆಲ ಕಡಲಮಟ್ಟಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರ.

ಮುಂಗಾರಿನ ಅಲೆಗಳು ಮೊದಲು ಬಡಿಯುವುದು ದಿಬ್ಬದ ಹೊರಅಂಚಿಗೆ. 2014ರಲ್ಲಿ ಪ್ರಕಟವಾದ ಒಂದು ಜಾಗತಿಕ ವಿಶ್ಲೇಷಣೆಯ ಪ್ರಕಾರ, ಹವಳದ ದಿಬ್ಬಗಳು ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ದಡ ಮುಟ್ಟುವ ಮೊದಲೇ ಕುಗ್ಗಿಸುತ್ತವೆ. ಜೀವಂತ ಹವಳ ಸುಣ್ಣ ಕಟ್ಟುತ್ತಿದ್ದರೆ ಈ ಗೋಡೆಯ ದುರಸ್ತಿ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಹವಳ ಸತ್ತರೆ ದುರಸ್ತಿ ನಿಲ್ಲುತ್ತದೆ, ಸವೆತ ಮಾತ್ರ ಮುಂದುವರಿಯುತ್ತದೆ. ದ್ವೀಪದ ಬಾವಿಗಳ ಸಿಹಿನೀರು ಕೂಡ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಅಲೆ ಒಳನುಗ್ಗಿದರೆ ಅದೂ ಕೆಡುತ್ತದೆ.

ಈ ದ್ವೀಪಗಳು ನಮಗೂ ದೂರದವಲ್ಲ. ಕಡಮತ್ ಸೇರಿದಂತೆ ಅಮಿನಿದಿವಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಮಂಗಳೂರಿನ ಹಳೆ ಬಂದರಿನಿಂದ ದಿನಸಿ, ತರಕಾರಿ, ಕಟ್ಟಡ ಸಾಮಗ್ರಿ ತುಂಬಿದ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುವುದು ಬಂದರಿನವರಿಗೆಲ್ಲ ಗೊತ್ತು.

ನೀರಿನಡಿ ಟೇಪು ಹಿಡಿದು

ಇಡೀ ದಿಬ್ಬವನ್ನು ಅಳೆಯುವುದು ಸಾಧ್ಯವಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ನಾಲ್ಕು ಅಗುಳು ಹಿಸುಕಿ ನೋಡುವಂತೆ, ಇಲ್ಲಿಯೂ ಮಾದರಿ ಜಾಗಗಳನ್ನು ಆರಿಸಿಕೊಳ್ಳುತ್ತಾರೆ. ಸ್ಕೂಬಾ ಡೈವಿಂಗ್ ಮಾಡಿ ಇಳಿದವರು ಒಂದೇ ಆಳದಲ್ಲಿ, ಉದಾಹರಣೆಗೆ 50 ಮೀಟರ್ ಉದ್ದದ ಟೇಪು ಹಾಸುತ್ತಾರೆ. ಪ್ರತಿ ಅರ್ಧ ಮೀಟರಿಗೆ ಟೇಪಿನ ಅಡಿ ಏನಿದೆ ಎಂದು ಬರೆದುಕೊಳ್ಳುತ್ತಾರೆ: ಜೀವಂತ ಹವಳವೇ, ಸತ್ತ ಹವಳವೇ, ಪಾಚಿಯೇ, ಮರಳೇ, ಪುಡಿಗಲ್ಲೇ? ಹೀಗೆ ನೂರು ಗುರುತು ಸಿಗುತ್ತವೆ. ಅದರಲ್ಲಿ 37 ಕಡೆ ಜೀವಂತ ಹವಳವಿದ್ದರೆ ಅಲ್ಲಿನ ಪ್ರಮಾಣ ಶೇ. 37. ಕೆಲವರು ಚೌಕಟ್ಟು ಇಟ್ಟು ಫೋಟೊ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎಣಿಸುವುದೂ ಉಂಟು.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ಮುಂಗಾರಿನ ಹೊಡೆತ ತಿನ್ನುವ ಪಶ್ಚಿಮ ಬದಿಯ ಹವಳವೂ ಮರೆಯಲ್ಲಿರುವ ಪೂರ್ವ ಬದಿಯ ಹವಳವೂ ಒಂದೇ ರೀತಿ ಇರುವುದಿಲ್ಲ. ಐದು ಮೀಟರ್ ಆಳದ್ದು ಹದಿನೈದು ಮೀಟರ್ ಆಳದ್ದರಂತೆ ಇರುವುದಿಲ್ಲ. ಚೆಂದದ ಜಾಗವನ್ನಷ್ಟೇ ಆರಿಸಿದರೆ ಬರುವ ಲೆಕ್ಕವೂ ಚೆಂದವೇ. ಅದಕ್ಕಾಗಿ ಎಲ್ಲ ಬಗೆಯ ಜಾಗಗಳನ್ನು ಮೊದಲೇ ನಿಗದಿಮಾಡಿ, ವರ್ಷಗಳ ನಂತರವೂ ಅಲ್ಲಿಗೇ ಮರಳುತ್ತಾರೆ.

ಉಪಗ್ರಹಗಳ ನೆರವೂ ಇದೆ. ಅವು ಕಡಲ ಮೇಲ್ಮೈಯ ಉಷ್ಣತೆಯನ್ನು ದಿನವೂ ಅಳೆಯುತ್ತವೆ. ವರ್ಷದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು ಎಷ್ಟು ಹೆಚ್ಚು ಬಿಸಿಯಾಗಿದೆ, ಅದು ಎಷ್ಟು ವಾರ ಹಾಗೆಯೇ ಇದೆ ಎಂಬುದನ್ನು ಕೂಡಿಸಿ ಅಮೆರಿಕದ ನೋವಾ ಸಂಸ್ಥೆ ಎಚ್ಚರಿಕೆ ಕೊಡುತ್ತದೆ. ಈ ಮೊತ್ತ 4 ತಲುಪಿದರೆ ಬಿಳಿಚುವಿಕೆಯ ಭಯ, 8 ತಲುಪಿದರೆ ಹವಳ ಸಾಯುವ ಭಯ. ಜ್ವರ ಎಷ್ಟಿದೆ ಎಂದು ಉಪಗ್ರಹ ಹೇಳಬಲ್ಲದು. ರೋಗಿ ಹೇಗಿದ್ದಾನೆಂದು ನೋಡಲು ನೀರಿಗೆ ಇಳಿಯಲೇಬೇಕು.

ಮೀನೆಣಿಕೆಯ ಕಷ್ಟ

ಹವಳ ಕದಲುವುದಿಲ್ಲ. ಮೀನು ನಿಲ್ಲುವುದಿಲ್ಲ. ಸಾಮಾನ್ಯವಾಗಿ 50 ಮೀಟರ್ ಉದ್ದ, 5 ಮೀಟರ್ ಅಗಲದ ಪಟ್ಟಿಯೊಂದನ್ನು ಮನಸ್ಸಿನಲ್ಲಿ ಗುರುತಿಸಿಕೊಂಡು, ಅದರೊಳಗೆ ಕಂಡ ಮೀನುಗಳ ಜಾತಿ, ಸಂಖ್ಯೆ ಮತ್ತು ಉದ್ದವನ್ನು ಈಜುತ್ತಲೇ ಬರೆದುಕೊಳ್ಳುತ್ತಾರೆ. ನೀರಿನಡಿ ವಸ್ತುಗಳು ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದರಿಂದ, ಉದ್ದ ಅಂದಾಜಿಸಲು ಮೊದಲೇ ಮೀನಿನಾಕಾರದ ಹಲಗೆಗಳನ್ನಿಟ್ಟು ತರಬೇತಿ ಪಡೆಯುತ್ತಾರೆ.

ಉದ್ದಕ್ಕೆ ಯಾಕಿಷ್ಟು ಮಹತ್ವ? ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಸುಮಾರು ಎಂಟು ಪಟ್ಟಾಗುತ್ತದೆ. ಒಂದು ದೊಡ್ಡ ಗ್ರೂಪರ್ ಮೀನು ಹಲವು ಸಣ್ಣ ಗ್ರೂಪರ್‌ಗಳಿಗೆ ಸಮ, ಇಡುವ ಮೊಟ್ಟೆಯ ಲೆಕ್ಕದಲ್ಲೂ ಅಷ್ಟೆ. ಹಾಗಾಗಿ ತಲೆ ಎಣಿಸಿದರೆ ಸಾಲದು, ಪ್ರತಿ ಹೆಕ್ಟೇರಿಗೆ ಎಷ್ಟು ಕಿಲೋ ಮೀನಿದೆ ಎಂದು ನೋಡುತ್ತಾರೆ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಮೀನುಗಾರಿಕೆಯೇ ಇಲ್ಲದ ದಿಬ್ಬದಲ್ಲಿ ಈ ಪ್ರಮಾಣ ಹೆಕ್ಟೇರಿಗೆ ಸುಮಾರು 1,000 ಕಿಲೋ ಇರುತ್ತದೆಂದು ಅಂದಾಜಿಸಿತು. ಅಳತೆಗೋಲಾಗಿ ಈ ಸಂಖ್ಯೆ ಉಪಯುಕ್ತ.

ಮೀನು ತುಂಬಿದ್ದರೆ ಎಲ್ಲವೂ ಸರಿಯೇ?

ಇದು ಇನ್ನೊಂದು ತಪ್ಪು ತಿಳಿವಳಿಕೆ. ಹವಳ ಸತ್ತ ಮರುದಿನವೇ ಮೀನು ಜಾಗ ಖಾಲಿಮಾಡುವುದಿಲ್ಲ. ಸುಣ್ಣದ ಗೂಡು ಕೆಲವು ವರ್ಷ ನಿಂತೇ ಇರುತ್ತದೆ, ಸಂದುಗೊಂದುಗಳಲ್ಲಿ ಮೀನಿಗೆ ಆಸರೆ ಸಿಗುತ್ತದೆ. ಸತ್ತ ಹವಳದ ಮೇಲೆ ಪಾಚಿ ಬೆಳೆದಾಗ ಅದನ್ನು ಮೇಯುವ ಗಿಳಿಮೀನುಗಳಿಗೆ ಕೆಲಕಾಲ ಸುಗ್ಗಿಯೂ ಆಗಬಹುದು. ಗೂಡು ಕುಸಿದು ಪುಡಿಯಾದ ಮೇಲೆಯೇ ಮೀನುಗಳ ಇಳಿಕೆ ಕಣ್ಣಿಗೆ ಬೀಳುವುದು.

ಲಕ್ಷದ್ವೀಪದ ದಕ್ಷಿಣಕ್ಕೆ, ಅದೇ ಮುಳುಗಿದ ಬೆಟ್ಟಸಾಲಿನ ಕೊನೆಯಲ್ಲಿರುವ ಚಾಗೋಸ್ ದ್ವೀಪಗಳನ್ನೇ ನೋಡಿ. ಅಲ್ಲಿ ಒಂದು ಸೇನಾ ನೆಲೆ ಬಿಟ್ಟರೆ ಜನವಸತಿ ಇಲ್ಲ, ಮೀನಿನ ಸಮೃದ್ಧಿ ಹೆಸರುವಾಸಿ. ಆದರೂ 1998ರ ಬಿಸಿಗೆ ಅಲ್ಲಿನ ಹವಳದ ಬಹುಪಾಲು ಸತ್ತಿತು. ದೂರವಿದ್ದ ಮಾತ್ರಕ್ಕೆ ಬಿಸಿನೀರಿನಿಂದ ರಕ್ಷಣೆ ಇಲ್ಲ.

ಆದರೆ ಚಾಗೋಸ್ ಸುಮಾರು ಹತ್ತು ವರ್ಷಗಳಲ್ಲಿ ಗಮನಾರ್ಹವಾಗಿ ಚೇತರಿಸಿಕೊಂಡಿತು. ಮೀನಿನ ಪಾತ್ರ ಬರುವುದು ಇಲ್ಲೇ. ಗಿಳಿಮೀನು ಮತ್ತು ಸರ್ಜನ್ ಮೀನುಗಳು ಪಾಚಿಯನ್ನು ಕೆರೆದು ತಿಂದರೆ ಹವಳದ ಮರಿಗಳಿಗೆ ಅಂಟಿಕೊಳ್ಳಲು ಶುಭ್ರ ಜಾಗ ಸಿಗುತ್ತದೆ. ಮೀನು ಹವಳವನ್ನು ಜ್ವರದಿಂದ ಕಾಪಾಡಲಾರದು, ಜ್ವರ ಬಿಟ್ಟ ಮೇಲೆ ಆರೈಕೆ ಮಾಡಬಲ್ಲದು.

ಈ ವಿಷಯದಲ್ಲಿ ಲಕ್ಷದ್ವೀಪ ಅದೃಷ್ಟವಂತ. ಅಲ್ಲಿನ ಮೀನುಗಾರಿಕೆ ದಶಕಗಳಿಂದ ನಿಂತಿರುವುದು ಹೊರಗಡಲಿನ ಟ್ಯೂನಾ ಮೇಲೆ. ಮಿನಿಕಾಯ್ ದ್ವೀಪದವರಿಗೆ ಕರಗತವಾಗಿದ್ದ ಗಳ-ಗಾಳದ ವಿಧಾನ ಬೇರೆ ದ್ವೀಪಗಳಿಗೂ ಹರಡಿತು. ಒಬ್ಬೊಬ್ಬರು ಒಂದೊಂದು ಗಳ ಹಿಡಿದು ಒಂದೊಂದೇ ಮೀನು ಎಳೆಯುವ ಕೆಲಸ ಇದು. ಇದರಿಂದಾಗಿ ದಿಬ್ಬದ ಮೀನುಗಳ ಮೇಲೆ ಒತ್ತಡ ಕಡಿಮೆಯಿತ್ತು. ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ಬೆಳೆದಂತೆ ಈ ಅದೃಷ್ಟ ಕರಗುತ್ತದೆ. ಮೀನೆಣಿಕೆ ಬೇಕಿರುವುದು ಆ ಕರಗುವಿಕೆಯನ್ನು ಹೊತ್ತಿಗೆ ಮುಂಚೆ ಗುರುತಿಸಲು.

ಕಡಿಮೆ ಸತ್ತರೆ ಶುಭಸುದ್ದಿಯೇ?

ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ದೊಡ್ಡ ಪ್ರಮಾಣದ ಬಿಳಿಚುವಿಕೆ ಆಯಿತು. ಪ್ರತಿ ಬಾರಿಯೂ ಸತ್ತ ಹವಳದ ಪ್ರಮಾಣ ಹಿಂದಿನ ಸಲಕ್ಕಿಂತ ಕಡಿಮೆಯಾಗುತ್ತ ಬಂತು. ಕೇಳಲು ಶುಭಸುದ್ದಿ. ಉಳಿದಿರುವ ಹವಳಗಳು ಬಿಸಿಗೆ ಗಟ್ಟಿಯಾಗಿರುವುದು ಇದಕ್ಕೆ ಒಂದು ಕಾರಣವಿರಬಹುದು. ಕವಲೊಡೆದು ಬೇಗ ಬೆಳೆಯುವ ಹವಳಗಳು ಬಿಸಿಗೆ ಮೊದಲು ಸಾಯುತ್ತವೆ. ಗುಂಡುಕಲ್ಲಿನಂತೆ ನಿಧಾನವಾಗಿ ಬೆಳೆಯುವವು ಹೆಚ್ಚು ತಡೆದುಕೊಳ್ಳುತ್ತವೆ.

ಆದರೆ ಸರಳ ಲೆಕ್ಕವನ್ನೂ ಮರೆಯಬಾರದು. ನೂರರಲ್ಲಿ 37 ಇದ್ದಾಗ ಅರ್ಧ ಸತ್ತರೆ ನಷ್ಟ ಹದಿನೆಂಟಕ್ಕೂ ಹೆಚ್ಚು. 20 ಇದ್ದಾಗ ಅರ್ಧ ಸತ್ತರೆ ನಷ್ಟ ಹತ್ತೇ. ಕಳೆದುಕೊಳ್ಳಲು ಕಡಿಮೆ ಉಳಿದಿದ್ದರೂ ನಷ್ಟ ಕಡಿಮೆಯೆಂದೇ ಕಾಣುತ್ತದೆ. 24 ವರ್ಷಗಳ ಲೆಕ್ಕ ಕೈಯಲ್ಲಿಲ್ಲದೆ 2016ನ್ನು ಮಾತ್ರ ನೋಡಿದವರಿಗೆ ಇದು ಹೊಳೆಯುವುದೇ ಇಲ್ಲ.

ಇದೇ ಅಧ್ಯಯನದ ಇನ್ನೊಂದು ಮಾತು ಮುಖ್ಯ. ಬಿಳಿಚುವಿಕೆಯ ನಂತರ ಕನಿಷ್ಠ ಆರು ವರ್ಷ ನೆಮ್ಮದಿ ಸಿಕ್ಕರೆ ಮಾತ್ರ ಚೇತರಿಕೆಯ ವೇಗ ಎದ್ದುಕಾಣುವಷ್ಟು ಹೆಚ್ಚುತ್ತದೆ. ಮೊದಲ ಎರಡು ಆಘಾತಗಳ ನಡುವೆ 12 ವರ್ಷ ಇದ್ದವು. ಮುಂದಿನದಕ್ಕೆ ಆರೇ ವರ್ಷ. ಆಮೇಲೆ ಎಂಟು ವರ್ಷ ಕಳೆದು 2024ರಲ್ಲಿ, ಜಗತ್ತಿನ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆಯ ವೇಳೆ, ಲಕ್ಷದ್ವೀಪ ಮತ್ತೆ ಬಿಳಿಚಿತು. ಚೇತರಿಕೆ ವೇಗ ಪಡೆಯುವ ಹೊತ್ತಿಗೆ ಮುಂದಿನ ಜ್ವರ ಬಂದಿರುತ್ತದೆ.

ಸುದ್ದಿ ಓದುವಾಗ ಮೂರು ಪ್ರಶ್ನೆ

1995ರಲ್ಲಿ ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪಾಲಿ ಒಂದು ವಿಷಯದತ್ತ ಗಮನ ಸೆಳೆದರು. ಪ್ರತಿ ತಲೆಮಾರೂ ತಾನು ಮೊದಲು ಕಂಡ ಕಡಲನ್ನೇ ಸಹಜ ಸ್ಥಿತಿ ಎಂದುಕೊಳ್ಳುತ್ತದೆ. ಅಜ್ಜ ಕಂಡಿದ್ದು ಮೊಮ್ಮಗನ ಲೆಕ್ಕಕ್ಕೆ ಬರುವುದೇ ಇಲ್ಲ. ಇಂದು ಮೊದಲ ಬಾರಿ ಲಕ್ಷದ್ವೀಪಕ್ಕೆ ಹೋದವರಿಗೆ ಶೇ. 19ರ ದಿಬ್ಬವೂ ಅದ್ಭುತವಾಗಿಯೇ ಕಾಣುತ್ತದೆ.

ಆದ್ದರಿಂದ ‘ಹವಳ ಹೆಚ್ಚಿದೆ’ ಅಥವಾ ‘ಹವಳ ನಾಶವಾಗಿದೆ’ ಎಂಬ ಸುದ್ದಿ ಕಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಯಾವ ವರ್ಷಕ್ಕೆ ಹೋಲಿಸಿ ಹೇಳುತ್ತಿದ್ದಾರೆ? ಎಷ್ಟು ಕಡೆ, ಎಷ್ಟು ಆಳದಲ್ಲಿ ಅಳೆದಿದ್ದಾರೆ? ಹವಳದ ಜೊತೆ ಮೀನನ್ನೂ ಲೆಕ್ಕ ಹಾಕಿದ್ದಾರೆಯೇ? ಮುರುಡೇಶ್ವರದ ಬಳಿ ನಮ್ಮದೇ ನೇತ್ರಾಣಿಯ ಹವಳದ ಬಗ್ಗೆ ಸುದ್ದಿ ಬಂದಾಗಲೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ.

ಕಡಲು ಬಿಸಿಯಾಗುವುದನ್ನು ಲಕ್ಷದ್ವೀಪದ ಜನರೊಬ್ಬರೇ ತಡೆಯಲಾರರು. ಅದಕ್ಕೆ ಇಡೀ ಜಗತ್ತು ಇಂಗಾಲದ ಹೊಗೆ ಕಡಿಮೆ ಮಾಡಬೇಕು. ಗಿಳಿಮೀನು, ಗ್ರೂಪರ್‌ಗಳನ್ನು ಮಿತಿಮೀರಿ ಹಿಡಿಯದಿರುವುದು, ಲಗೂನಿಗೆ ಕೊಳಚೆ ಬಿಡದಿರುವುದು, ದಿಬ್ಬ ಒಡೆದು ಕಾಮಗಾರಿ ಮಾಡದಿರುವುದು ಅಲ್ಲೇ ನಿರ್ಧಾರವಾಗುವ ವಿಷಯಗಳು. ಸಿಗುವ ಆರೆಂಟು ವರ್ಷದ ಬಿಡುವಿನಲ್ಲಿ ಹವಳ ಎಷ್ಟು ಬೆಳೆದೀತು ಎಂಬುದು ಇವುಗಳ ಮೇಲೆ ನಿಂತಿದೆ. ಈ ನಿರ್ಧಾರಗಳು ಫಲ ಕೊಟ್ಟವೇ ಎಂದು ತಿಳಿಯಬೇಕಾದರೆ, ಅದೇ ಜಾಗಕ್ಕೆ ಮತ್ತೆ ಹೋಗಿ ಟೇಪು ಹಾಸುವವರು ಇರಲೇಬೇಕು.