ಹಿಂಗಾವಲಿನ ವಿದ್ಯೆ

ಹೋದ ಕಾರ್ತಿಕ ಮಾಸದಲ್ಲಿ ನನ್ನ ಅಕ್ಕನ ಮಗನು ಅಮೆರಿಕದಿಂದ ರಜೆಯ ಮೇಲೆ ಬಂದು ನಮ್ಮಲ್ಲಿ ಹದಿನೈದು ದಿನ ಇದ್ದನು. ಒಂದು ಭಾನುವಾರ ಬೆಳಗಿನ ಜಾವ ನಾನು ಸ್ನಾನದ ಹಂಡೆಗೆ ಉರಿ ಹಾಕುತ್ತಿರುವಾಗ ನಡುಮನೆಯಿಂದ “ಅಯ್ಯೋ, ಹೋಯಿತು!” ಎಂಬ ಕೂಗು ಕೇಳಿಸಿತು. ಯಾರಿಗೇನಾಯಿತೋ ಎಂದು ಗಾಬರಿಯಿಂದ ಬಂದು ನೋಡಲಾಗಿ, ಅಳಿಯನು ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದು, ತಾನು ಓದಿದ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಪಂದ್ಯವನ್ನು ನೋಡುತ್ತ ಕುಳಿತಿದ್ದನು. ಅಲ್ಲಿ ಆಗ ಶನಿವಾರದ ಸಾಯಂಕಾಲವಂತೆ.

“ಮಾವ, ನಮ್ಮವರಿಗೆ ಹಣಕ್ಕೆ ಕೊರತೆಯಿಲ್ಲ, ಶಿಕ್ಷಕರಿಗೆ ಕೊರತೆಯಿಲ್ಲ. ಒಬ್ಬ ಒಳ್ಳೆಯ ಸೇಫ್ಟಿಯನ್ನು ಮಾತ್ರ ತಯಾರುಮಾಡಲಾರರು. ಪ್ರತಿವರ್ಷವೂ ಇದೇ ಗೋಳು. ನೀವು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವರು. ಇದೇಕೆ ಹೀಗೆ, ನೀವೇ ಹೇಳಿ” ಎಂದನು.

ಆಟವನ್ನರಿಯದವನಿಗೆ ಹಾಕಿದ ಪ್ರಶ್ನೆಯಾದರೂ ಪಾಠದ ಮಾತೆತ್ತಿದ್ದರಿಂದ ನಾನು ಸುಮ್ಮನಿರಲಾರದೆ ಹೋದೆನು. ಹದಿನೈದು ದಿನ ಅವನೇ ನನಗೆ ಗುರುವಾದನು. ಅವನು ಹೊರಟುಹೋದ ಮೇಲೆ ನಾನಾಗಿಯೂ ಅಷ್ಟಿಷ್ಟು ಓದಿಕೊಂಡೆನು.

ಇದು ನಮ್ಮೂರ ಬಯಲಿನಲ್ಲಿ ಹುಡುಗರು ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲವೆಂದು ವಾಚಕರಿಗೆ ಮೊದಲೇ ಅರಿಕೆಮಾಡುತ್ತೇನೆ. ಅಮೆರಿಕದ ಆಟದಲ್ಲಿ ಚೆಂಡು ಬಹುಮಟ್ಟಿಗೆ ಕೈಯಲ್ಲಿಯೇ ಇರುತ್ತದೆ. ಪಕ್ಷಕ್ಕೆ ಹನ್ನೊಂದು ಮಂದಿ. ಬಯಲು 100 ಗಜ ಉದ್ದ, 160 ಅಡಿ ಅಗಲ. ಆಕ್ರಮಿಸುವವರು ಚೆಂಡನ್ನು ಹೊತ್ತು ಓಡಬಹುದು, ಇಲ್ಲವೆ ದೂರದ ಜೊತೆಗಾರನಿಗೆ ಎಸೆಯಬಹುದು. ಎದುರಾಳಿಗಳು ಅವರನ್ನು ಹಿಡಿದು ಕೆಡವಬೇಕು. ಹೀಗೆ ತಡೆಯುವವರಲ್ಲಿ ಎಲ್ಲರಿಗಿಂತ ಹಿಂದೆ, ಚೆಂಡಿನಿಂದ ಹತ್ತು ಹದಿನೈದು ಗಜ ದೂರದಲ್ಲಿ ನಿಲ್ಲುವವರಿಗೆ ಸೇಫ್ಟಿ ಎಂದು ಹೆಸರು. ಸೈನ್ಯದ ಹಿಂಗಾವಲು ಇದ್ದಂತೆ. ಮುಂದಿನವನು ತಪ್ಪಿದರೆ ಹಿಂದಿನವನು ತಿದ್ದುತ್ತಾನೆ. ಇವನು ತಪ್ಪಿದರೆ ತಿದ್ದುವುದಕ್ಕೆ ಹಿಂದೆ ಯಾರೂ ಇಲ್ಲ. ಎದುರಾಳಿಗೆ ಆರು ಅಂಕ ಸಂದಂತೆಯೇ. ಆ ತಪ್ಪನ್ನು ಹತ್ತಾರು ಸಾವಿರ ಜನ ಕಣ್ಣಾರೆ ನೋಡುತ್ತಾರೆ. ತಪ್ಪಿದವನ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ ಇರುತ್ತದೆ.

ಈ ಕೆಲಸಕ್ಕೆ ಬೇಕಾದದ್ದು ಕಾಲಿನ ವೇಗವೊಂದೇ ಆಗಿದ್ದರೆ ಕಷ್ಟವಿರಲಿಲ್ಲ. ವೇಗವನ್ನು ಗಡಿಯಾರ ಹಿಡಿದು ಅಳೆಯಬಹುದು. ಇಲ್ಲಿ ಬೇಕಾದದ್ದು ಅನುಮಾನಪ್ರಮಾಣ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯುಂಟೆಂದು ತಿಳಿಯುವುದು ತರ್ಕಶಾಸ್ತ್ರದ ಮೊದಲ ಪಾಠವಷ್ಟೆ. ಎದುರಾಳಿಗಳ ಮುಂಚೂಣಿಯ ದಾಂಡಿಗರು ಮುಂದಕ್ಕೆ ನುಗ್ಗಿದರೆ ಚೆಂಡನ್ನು ಹೊತ್ತು ಓಡುತ್ತಾರೆ, ಹಿಮ್ಮೆಟ್ಟಿ ನಿಂತರೆ ಎಸೆಯುತ್ತಾರೆ ಎಂಬುದೇ ಸೇಫ್ಟಿಗೆ ಹೊಗೆ. ಆದರೆ ಕಾಲೇಜಿನ ಆಟದಲ್ಲಿ ಈ ಹೊಗೆಯೇ ಮೋಸ. ಚೆಂಡು ಎಸೆಯುವಾಗ ಮುಂಚೂಣಿಯವರು ಗೆರೆಯಿಂದ ಎಷ್ಟು ದೂರ ಮುಂದೆ ಹೋಗಿರಬಹುದೆಂಬುದಕ್ಕೆ ವೃತ್ತಿತಂಡಗಳಲ್ಲಿ ಒಂದು ಗಜದ ಮಿತಿಯಿದೆ. ಕಾಲೇಜುಗಳಲ್ಲಿ ಮೂರು ಗಜ. ಈ ಸಡಿಲವನ್ನು ಹಿಡಿದು, ಓಡುವೆವೆಂದು ತೋರಿಸಿ, ಸೇಫ್ಟಿ ಮುಂದಡಿಯಿಟ್ಟ ಕ್ಷಣದಲ್ಲಿಯೇ ಅವನ ತಲೆಯ ಮೇಲಿಂದ ಎಸೆಯುವ ತಂತ್ರವು ಈಗ ಎಲ್ಲೆಲ್ಲಿಯೂ ಬಳಕೆಯಲ್ಲಿದೆ. ಇದನ್ನು ಹೇತ್ವಾಭಾಸವೆಂದು ನಾನೆಂದಾಗ ಅಳಿಯನು ನಕ್ಕುಬಿಟ್ಟನು. ಆದರೆ ಬೇರೆ ಹೆಸರು ನನಗೆ ತೋಚಲಿಲ್ಲ.

ಬಯಲಿನ ಲೆಕ್ಕವೂ ಅವನಿಗೆ ಪ್ರತಿಕೂಲ. ಪ್ರತಿಸಲವೂ ಚೆಂಡನ್ನಿಡುವುದಕ್ಕೆ ಬಯಲಿನ ನಡುವೆ ಎರಡು ಸಾಲು ಗುರುತುಗಳುಂಟು. ವೃತ್ತಿತಂಡಗಳ ಬಯಲಿನಲ್ಲಿ ಅವುಗಳ ಅಂತರ ಹದಿನೆಂಟೂವರೆ ಅಡಿ. ಕಾಲೇಜಿನ ಬಯಲಿನಲ್ಲಿ 40 ಅಡಿ. ಚೆಂಡು ಒಂದು ಗುರುತಿನ ಮೇಲಿದ್ದಾಗ ಕಾಲೇಜಿನ ಹುಡುಗನ ಒಂದು ಪಕ್ಕದಲ್ಲಿ 60 ಅಡಿ, ಇನ್ನೊಂದು ಪಕ್ಕದಲ್ಲಿ 100 ಅಡಿ ತೆರವಿರುತ್ತದೆ. ನುರಿತ ವೃತ್ತಿಗಾರನಿಗಾದರೋ ವಿಶಾಲವಾದ ಪಕ್ಕವೇ ಸುಮಾರು 89 ಅಡಿ. ಕಲಿಯುವವನಿಗೆ ದೊಡ್ಡ ಬಯಲು, ಕಲಿತವನಿಗೆ ಚಿಕ್ಕದು!

ವಿದ್ಯೆಯಲ್ಲಿ ಒಂದು ಪಾದ ಗುರುವಿನಿಂದ, ಒಂದು ಪಾದ ಸ್ವಬುದ್ಧಿಯಿಂದ, ಒಂದು ಪಾದ ಸಹಪಾಠಿಗಳಿಂದ, ಉಳಿದ ಪಾದ ಕಾಲಕ್ರಮದಿಂದ ಬರುವುದೆಂದು ನಮ್ಮ ಹಿರಿಯರು ವಿಂಗಡಿಸಿದ್ದರು. ಗುರುವಿನ ಪಾದಕ್ಕೆ ಆ ದೇಶದಲ್ಲಿ ಲೋಪವಿಲ್ಲ. ಆಟದ ಋತುವಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಅಭ್ಯಾಸ ಕೂಡದೆಂಬ ನಿಯಮವಿದ್ದರೂ, ಆ ಇಪ್ಪತ್ತು ಗಂಟೆಗಳನ್ನು ಅವರು ಚೆನ್ನಾಗಿಯೇ ದುಡಿಸುತ್ತಾರೆ. 2024ರಿಂದ ಮೇಲ್ದರ್ಜೆಯ ತಂಡಗಳಲ್ಲಿ ಶಿಕ್ಷಕನ ಧ್ವನಿಯು ಬಯಲಿನಲ್ಲಿರುವ ಒಬ್ಬ ಆಟಗಾರನ ಶಿರಸ್ತ್ರಾಣದೊಳಗೆ ಕೇಳಿಸುವ ಯಂತ್ರವೂ ಬಂದಿದೆ. ಆದರೆ ಆಟ ಮೊದಲಿಡುವ ಗಡುವಿಗೆ ಹದಿನೈದು ಸೆಕೆಂಡು ಉಳಿದಾಗ ಅದು ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಸ್ವಬುದ್ಧಿಯೇ ಗತಿ. ಲೋಪವಿರುವುದು ಕಡೆಯ ಎರಡು ಪಾದಗಳಲ್ಲಿ.

ಎಡ್ ರೀಡ್ ಎಂಬಾತನ ಕಥೆಯನ್ನು ನೋಡಿ. ಲೂಸಿಯಾನದ ಈ ಹುಡುಗನು ಮಯಾಮಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೊದಲ ವರ್ಷ, 1997ರಲ್ಲಿ, ಪಂದ್ಯವಾಡದೆ ಕಲಿತನು. ಆಮೇಲೆ ನಾಲ್ಕು ವರ್ಷ ಆಡಿದನು. ಕಡೆಯ ವರ್ಷಕ್ಕೆ ಮುಂಚೆಯೇ ವೃತ್ತಿತಂಡಕ್ಕೆ ಹೋಗಬಹುದಾಗಿದ್ದರೂ ಹೋಗದೆ ಉಳಿದನು. 2001ರಲ್ಲಿ ಬಾಸ್ಟನ್ ಕಾಲೇಜಿನ ಮೇಲಣ ಪಂದ್ಯದ ಕಡೆಯ ಗಳಿಗೆಯಲ್ಲಿ ಎದುರಾಳಿಗಳು ಗೆಲುವಿನ ಹೊಸ್ತಿಲಿಗೆ ಬಂದಿದ್ದರು. ಅವರು ಎಸೆದ ಚೆಂಡು ಪುಟಿದು ಮಯಾಮಿಯ ಒಬ್ಬ ಸ್ಥೂಲಕಾಯನ ಕೈಗೆ ಸಿಕ್ಕಿತು. ರೀಡನು ತನ್ನ ಜೊತೆಗಾರನ ಕೈಯಿಂದಲೇ ಆ ಚೆಂಡನ್ನು ಕಿತ್ತುಕೊಂಡು ಸುಮಾರು 80 ಗಜ ಓಡಿ ಗೆರೆ ದಾಟಿದನು! ಐದು ವರ್ಷ ಒಂದೇ ಕಡೆ ನಿಂತು ನೋಡಿದ ಕಣ್ಣಿಗೆ ಮಾತ್ರ ಅಂತಹ ಧೈರ್ಯ ಬರುತ್ತದೆಂದು ನನ್ನ ಎಣಿಕೆ. ಆ ವರ್ಷ ಮಯಾಮಿ ಒಂದು ಪಂದ್ಯವನ್ನೂ ಸೋಲದೆ ರಾಷ್ಟ್ರದ ಅಗ್ರಪದವಿಯನ್ನು ಪಡೆಯಿತು. ಅದೇ ತಂಡದಲ್ಲಿ ಶಾನ್ ಟೇಲರ್ ಎಂಬ ಮೊದಲ ವರ್ಷದ ಹುಡುಗನಿದ್ದನು. ರೀಡನು ಹೋದ ಮೇಲೆ ಹಿಂಗಾವಲನ್ನು ಹೊತ್ತವನು ಅವನೇ. 2004ರಲ್ಲಿ ವೃತ್ತಿತಂಡಗಳವರು ಅವನನ್ನು ಐದನೆಯ ಆಯ್ಕೆಯಾಗಿ ಆರಿಸಿಕೊಂಡರು. ಹಿರಿಯನು ಅಭ್ಯಾಸದಲ್ಲಿ ಎಲ್ಲಿ ನಿಲ್ಲುತ್ತಾನೆ, ಯಾವಾಗ ಕೂಗಿ ಎಚ್ಚರಿಸುತ್ತಾನೆ ಎಂಬುದನ್ನು ಕಿರಿಯನು ದಿನವೂ ನೋಡಬಹುದಾಗಿತ್ತು. ಮೂರನೆಯ ಪಾದವೆಂದರೆ ಅದೇ.

ಈಗ ಆ ಪಂಕ್ತಿ ಮುರಿದಿದೆ. ಹಿಂದೆ ವಿಶ್ವವಿದ್ಯಾನಿಲಯ ಬದಲಾಯಿಸಿದ ಹುಡುಗನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಾಗಿತ್ತು. 2021ರಲ್ಲಿ ಒಂದು ಸಲಕ್ಕೆ ಆ ತಡೆ ತೆಗೆಯಲ್ಪಟ್ಟಿತು. 2024ರಲ್ಲಿ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲವಾದರೂ ಹೋಗಬಹುದೆಂದಾಯಿತು. 2021ರಿಂದ ತಮ್ಮ ಹೆಸರಿನ ಮೇಲೆ ಹಣ ಸಂಪಾದಿಸುವ ಹಕ್ಕೂ ಹುಡುಗರಿಗೆ ಬಂದಿತು. 2025ರಿಂದ ವಿಶ್ವವಿದ್ಯಾನಿಲಯಗಳೇ ನೇರವಾಗಿ ಕೊಡತೊಡಗಿದವು. ಕೇಲೆಬ್ ಡೌನ್ಸ್ ಎಂಬ ಹುಡುಗನು 2023ರಲ್ಲಿ ಅಲಬಾಮಾದಲ್ಲಿ ಮೊದಲ ವರ್ಷದಲ್ಲಿಯೇ ತಂಡದ ಎಲ್ಲರಿಗಿಂತ ಹೆಚ್ಚು ಸಲ ಎದುರಾಳಿಗಳನ್ನು ಕೆಡವಿದನು. ಅಲ್ಲಿನ ಹೆಸರಾಂತ ಶಿಕ್ಷಕ ನಿಕ್ ಸೇಬನ್ ತರುಣನಾಗಿದ್ದಾಗ ತಾನೂ ಹಿಂಗಾವಲಿನಲ್ಲಿ ಆಡಿದವನು. 2024ರ ಜನವರಿಯಲ್ಲಿ ಅವನು ನಿವೃತ್ತನಾದನು. ಅದೇ ತಿಂಗಳು ಡೌನ್ಸನು ಒಹಾಯೊ ಸ್ಟೇಟಿಗೆ ಹೊರಟುಹೋದನು. ಮರುವರ್ಷ ಜನವರಿಯಲ್ಲಿ ಅಗ್ರಪದವಿ ಒಹಾಯೊದವರಿಗೆ ದೊರೆಯಿತು. ಬಿತ್ತಿದವರೊಬ್ಬರು, ಕೊಯ್ದವರು ಮತ್ತೊಬ್ಬರು.

ಹುಡುಗರನ್ನು ಬಯ್ಯುವುದು ಸುಲಭ; ಅಳಿಯನೂ ಬಯ್ದನು. ನಾನು ಒಪ್ಪಲಿಲ್ಲ. ಹೆಚ್ಚಿನ ಸಂಬಳಕ್ಕಾಗಿ ಶಿಕ್ಷಕರು ನಡುವೆಯೇ ಎದ್ದುಹೋಗುತ್ತಿದ್ದ ಕಾಲದಲ್ಲಿ ಶಿಷ್ಯನೊಬ್ಬನೇ ಕಟ್ಟಿಹಾಕಿಸಿಕೊಂಡಿರಬೇಕೆಂಬುದು ಯಾವ ನ್ಯಾಯ? ನನಗೆ ನೋವಾಗುವುದು ಬೇರೊಂದು ಕಡೆ. ಒಂದು ಪಂದ್ಯ ಸೋತರೆ ಶಿಕ್ಷಕನ ಕೆಲಸಕ್ಕೇ ಕುತ್ತು. ಆದುದರಿಂದ ಕಾಯಿಯಾದ ಹುಡುಗನನ್ನು ಹಿಂಗಾವಲಿಗೆ ನಿಲ್ಲಿಸಲು ಅವನಿಗೆ ಧೈರ್ಯವಿಲ್ಲ. ಬೇರೆಡೆ ಮಾಗಿದವನೊಬ್ಬನನ್ನು ಒಂದು ವರ್ಷಕ್ಕೆ ತರಿಸಿಕೊಳ್ಳುತ್ತಾನೆ. ಆಡದೆ ಕುಳಿತ ಹುಡುಗನು ಬೇಸತ್ತು ಇನ್ನೆಲ್ಲಿಗೋ ಹೋಗುತ್ತಾನೆ. ತರಿಸಿಕೊಂಡವನ ಅವಧಿಯೂ ಮುಗಿಯುತ್ತದೆ. ಮುಂದಿನ ಆಷಾಢಕ್ಕೆ ಮತ್ತೆ ಅದೇ ಬರಿದಾದ ಜಾಗ.

ಮೊನ್ನೆ ಅಳಿಯನು ಫೋನ್ ಮಾಡಿದ್ದನು. ಆ ಬೆಳಗಿನ ಜಾವ ತಪ್ಪಿಬಿದ್ದ ಹುಡುಗನು ಏನಾದನೆಂದು ಕೇಳಿದೆನು. ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರಿದನಂತೆ. ಅಲ್ಲಿ ಚೆನ್ನಾಗಿ ಆಡುತ್ತಿರುವನಂತೆ.